ಕದಲದ ಮೈನಸ್ ಎರಡು

ಫುಲ್ವಿಯಾ ಪ್ರೊಯೆಟ್ಟಿಯ ಬಗ್ಗೆ ಯಾರೂ ಬರೆಯುವುದಿಲ್ಲ, ನನಗೆ ಗೊತ್ತು. ಬಹುಮಾನ ಬಂದವರ ಬಗ್ಗೆ ಬರೆಯಲು ಜನ ಸಾಲುಗಟ್ಟಿ ನಿಂತಿರುತ್ತಾರೆ. ವಯಸ್ಸೆಲ್ಲ ಒಂದು ಕಣದ ತೂಕ ಹುಡುಕುತ್ತಾ ಕಳೆದು, ಅದು ಕೈಗೆ ಬಂದಂತಾಗಿ ಜಾರಿಹೋದವಳ ಬಗ್ಗೆ ಬರೆಯಲು ಯಾರಿಗೇನು ದರ್ದು? ನನಗಿದೆ. ಅವಳ ಮೇಜಿನ ಎದುರು ಮೇಜು ನನ್ನದಾಗಿತ್ತು. ಅವಳು ನಂಬಿಕೊಂಡಿದ್ದ ಯಂತ್ರವನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಹೆಸರು ಇವಾನೊ, ಎಂಜಿನಿಯರು, ಬಾಯಿ ಸ್ವಲ್ಪ ಜೋರು. ಬರೆಯುವಾಗ ಮೆತ್ತಗಾಗುತ್ತೇನೆ ಎಂದುಕೊಳ್ಳಬೇಡಿ.

ಫುಲ್ವಿಯಾ ಚೆಂತೊಚೆಲ್ಲೆಯವಳು, ಟ್ರಾಮ್ ಓಡಿಸುವವನ ಮಗಳು. ರೋಮಿನ ಆ ಭಾಗದವರಿಗೆ ಇರಬೇಕಾದ ಗಂಟಲು ಅವಳಿಗಿರಲಿಲ್ಲ. ಅವಳು ಮಾತಾಡಿದರೆ ಬಗ್ಗಿ ಕೇಳಬೇಕು. ನಲವತ್ತಾರು ದಾಟಿದರೂ ಕೆಲಸ ಖಾಯಂ ಆಗಿರಲಿಲ್ಲ. ಎರಡು ವರ್ಷದ ನೇಮಕ, ಆಮೇಲೆ ಒಂದು ವರ್ಷದ್ದು, ಮತ್ತೆ ಏನೂ ಇಲ್ಲದ ಬೇಸಿಗೆ, ಮತ್ತೆ ಎರಡು ವರ್ಷ. ನಮ್ಮಲ್ಲಿ ಖಾಯಂ ಆಗಬೇಕಾದರೆ ಸರ್ಕಾರಿ ಆಯ್ಕೆ ಪರೀಕ್ಷೆ ಬರಬೇಕು. ಅದು ಬರುವುದು ಧೂಮಕೇತು ಬಂದ ಹಾಗೆ. ಬಂದಾಗಲೂ ಹುದ್ದೆ ಒಂದೇ, ಕಣ್ಣಿಟ್ಟವರು ಊರು ತುಂಬ.

ಬೆಳಿಗ್ಗೆ ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲಿ ಯೋಲೆಯ ಕಾಫಿ ಬಾರಿನಲ್ಲಿ ನಿಂತೇ ಕಾಫಿ ಕುಡಿಯುತ್ತಿದ್ದೆವು. ಯೋಲೆ ಎಂದರೆ ಮೈಕೈ ತುಂಬಿದ ಹೆಂಗಸು, ಬಾಯಿಗೆ ಬೀಗವಿಲ್ಲ.

"ಏನು ಡಾಕ್ಟ್ರಮ್ಮಾ, ಇವತ್ತಾದ್ರೂ ಸಿಕ್ತಾ ನಿಮ್ಮ ಕಣ?"

"ಸಿಕ್ಕಿದೆ ಯೋಲೆ. ತೂಕ ಗೊತ್ತಾಗ್ಬೇಕು ಅಷ್ಟೇ."

"ಅಯ್ಯೋ, ನನ್ನ ತಕ್ಕಡಿ ತಗೊಂಡು ಹೋಗಿ! ಹ್ಯಾಮ್ ತೂಗೋದು, ಕಣ ತೂಗಲ್ವಾ?"

"ತೂಕ ಅಮೆರಿಕದವರಿಗೂ ಗೊತ್ತು, ಸ್ವಿಸ್‌ನವರಿಗೂ ಗೊತ್ತು. ಯಂತ್ರದಲ್ಲಿ ಅಳೆದುಬಿಟ್ಟಿದ್ದಾರೆ. ಇವಳಿಗೆ ಅದು ಯಾಕೆ ಅಷ್ಟಿದೆ ಅಂತ ಲೆಕ್ಕದಿಂದ ತೆಗೀಬೇಕಂತೆ," ಎಂದೆ ನಾನು.

"ಗೊತ್ತಿರೋದನ್ನ ಮತ್ತೆ ಕಂಡುಹಿಡಿಯೋಕೆ ಸಂಬಳ ಕೊಡ್ತಾರಾ? ನನ್ನ ಗಂಡನ್ನೂ ಸೇರಿಸ್ಕೊಳ್ಳಿ," ಎಂದಳು ಯೋಲೆ. ಫುಲ್ವಿಯಾ ನಕ್ಕು ಕಪ್ಪಿನ ತಳದ ಸಕ್ಕರೆಯನ್ನು ಚಮಚದಲ್ಲಿ ಕೆರೆದು ತಿಂದಳು.

ಕೆಲಸವನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಗೋಳು ಅರ್ಥವಾಗುವುದಿಲ್ಲ. ದೇಶ-ಕಾಲವನ್ನು ಮೀನುಬಲೆಯ ಹಾಗೆ ಚೌಕ ಚೌಕ ಮಾಡಿ. ಗಂಟುಗಳಲ್ಲಿ ಕ್ವಾರ್ಕುಗಳೆಂಬ ಅತಿ ಸಣ್ಣ ಕಣಗಳು, ಗಂಟಿನಿಂದ ಗಂಟಿಗೆ ಎಳೆದ ದಾರಗಳಲ್ಲಿ ಅವನ್ನು ಬಿಗಿದಿಟ್ಟಿರುವ ಅಂಟು. ಯಂತ್ರ ದಾಳ ಉರುಳಿಸಿದಂತೆ ಕುರುಡು ಸಂಖ್ಯೆಗಳನ್ನು ಎಸೆದು ದಾರಗಳನ್ನು ಅಲ್ಲಾಡಿಸುತ್ತದೆ. ಹಾಗೆ ಮೂಡಿದ ಬಲೆಯ ಹೊಸ ಚಿತ್ರ ನಿಯಮಕ್ಕೆ ಒಪ್ಪಿದರೆ ಇಟ್ಟುಕೊಳ್ಳುತ್ತದೆ, ಒಪ್ಪದಿದ್ದರೆ ಬಿಟ್ಟು ಮತ್ತೆ ಅಲ್ಲಾಡಿಸುತ್ತದೆ. ಹೀಗೆ ತಿಂಗಳುಗಟ್ಟಲೆ ಚಿತ್ರಗಳು. ಆಮೇಲೆ ಬಲೆಯ ಒಂದು ತುದಿಯಲ್ಲಿ ಕಣವನ್ನು ಬಿಟ್ಟು, ಇನ್ನೊಂದು ತುದಿಯತ್ತ ಹೋಗುತ್ತಾ ಅದು ಎಷ್ಟು ಬೇಗ ಮಸುಕಾಗುತ್ತದೆ ಎಂದು ಎಲ್ಲ ಚಿತ್ರಗಳ ಸರಾಸರಿ ತೆಗೆಯುವುದು. ಬೇಗ ಮಸುಕಾದರೆ ಭಾರದ ಕಣ, ನಿಧಾನವಾದರೆ ಹಗುರದ್ದು. ಇಷ್ಟೇ. ಈ "ಇಷ್ಟೇ"ಗೆ ನಮ್ಮ ನೆಲಮಾಳಿಗೆಯಲ್ಲಿ ನಾಲ್ಕು ಬೀರು ಗಾತ್ರದ ಯಂತ್ರ ಹಗಲಿರುಳು ಬಿಸಿಯುಸಿರು ಬಿಡುತ್ತಿತ್ತು. ನಾವೇ ಬೆಸುಗೆ ಹಾಕಿ ಕಟ್ಟಿದ್ದು. ನಿಧಾನಕ್ಕೆ ಗೊಣಗುತ್ತಾ ಕೆಲಸ ಮಾಡುತ್ತಿದ್ದುದರಿಂದ ಎಲ್ಲರೂ ಅದನ್ನು ನೊನ್ನಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು.

ಫುಲ್ವಿಯಾ ಹಿಂದೆ ಬಿದ್ದಿದ್ದ ಕಣದ ಹೆಸರು ಈಟಾ ಪ್ರೈಮ್. ಒಂದೇ ಮನೆಯ ಮಕ್ಕಳಲ್ಲಿ ಉಳಿದವೆಲ್ಲ ಕಡ್ಡಿಪೈಲ್ವಾನರು, ಇದೊಂದು ಮಾತ್ರ ಪ್ರೋಟಾನಿಗಿಂತಲೂ ಚೂರು ಹೆಚ್ಚೇ ತೂಗುತ್ತದೆ. ಯಾಕೆಂದರೆ ಬಲೆಯ ದಾರಗಳಲ್ಲಿ ತಿರುಚಿಕೊಂಡ ಸುತ್ತುಗಳಿರುತ್ತವೆ. ಇಡೀ ಬಲೆಯಲ್ಲಿ ಒಟ್ಟು ಎಷ್ಟು ಸುತ್ತು ಎಂಬುದು ಯಾವಾಗಲೂ ಪೂರ್ಣ ಸಂಖ್ಯೆ: ಸೊನ್ನೆ, ಮೂರು, ಮೈನಸ್ ಒಂದು, ಹೀಗೆ. ಚಿತ್ರದಿಂದ ಚಿತ್ರಕ್ಕೆ ಈ ಸಂಖ್ಯೆ ಸೊನ್ನೆಯ ಆಚೆಗೂ ಈಚೆಗೂ ಓಡಾಡುತ್ತಿರಬೇಕು. ಆ ಓಡಾಟದಿಂದಲೇ ಈಟಾ ಪ್ರೈಮ್‌ಗೆ ಅಷ್ಟು ಭಾರ. ಓಡಾಟ ಇಲ್ಲದೆ ಬರುವ ತೂಕ ತೂಕವೇ ಅಲ್ಲ.

ಆ ವರ್ಷದ ವಸಂತದಲ್ಲಿ ಫುಲ್ವಿಯಾಗೆ ತೂಕ ಬಂತು. ಮೂರು ವರ್ಷ ಓಡಿದ ಲೆಕ್ಕ, ಹಿಂದೆ ಯಾರೂ ಹೆಣೆಯದಷ್ಟು ಸಣ್ಣ ಕಣ್ಣಿನ ಬಲೆ. ಬಂದ ಸಂಖ್ಯೆ ಪ್ರಯೋಗದವರು ಅಳೆದದ್ದರ ಪಕ್ಕದಲ್ಲೇ ಕೂತಿತ್ತು. ಅದಕ್ಕಿಂತ ಹೆಚ್ಚಾಗಿ, ತಪ್ಪಿನ ಅಂದಾಜು ಕೂದಲೆಳೆಯಷ್ಟು. ನಮ್ಮ ಕಸುಬಿನವರ ಹುಚ್ಚೇ ಇದು. ಬೇರೆಯವರು ಮಗುವಿನ ಮುಖ ನೋಡಿದರೆ ನಾವು ಆ ಅಂದಾಜನ್ನು ತೋರಿಸುವ ತಪ್ಪಿನ ಗೆರೆಯ ಉದ್ದ ನೋಡುತ್ತೇವೆ. ಗೆರೆ ಗಿಡ್ಡವಾಗಿದ್ದರೆ ಹಬ್ಬ. ಪ್ರೊಫೆಸರ್ ಮಾಂಚಿನೆಲ್ಲಿ, ನಮ್ಮ ಗುಂಪಿನ ಯಜಮಾನ, ಫ್ರಾಸ್ಕಾತಿಯ ಬಿಳಿ ವೈನು ತಂದು ನೊನ್ನಾಳ ಎದುರೇ ಬಿರಡೆ ತೆಗೆದರು.

"ಫುಲ್ವಿಯಾ, ಸೆಪ್ಟೆಂಬರಿನಲ್ಲಿ ಆಯ್ಕೆ ಸಮಿತಿ ಕೂರುತ್ತೆ. ಈ ಸಂಖ್ಯೆ ಹಿಡ್ಕೊಂಡು ಹೋದ್ರೆ ಯಾರ ಅಪ್ಪನಿಂದಲೂ ನಿನ್ನ ತಡೆಯೋಕಾಗಲ್ಲ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡಿ ಪ್ರೊಫೆಸರ್ರೇ," ಎಂದಳು ಅವಳು. ಆದರೆ ಮುಖ ಕೆಂಪಾಗಿತ್ತು. ಅವಳು ಆಸೆಪಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದು ಆವತ್ತು. ಎರಡು ಲೋಟ ಕುಡಿದು, ಬಾಲ್ಕನಿ ಇರುವ ಮನೆ ಮಾಡುತ್ತೇನೆ, ಅಲ್ಲಿ ಟೊಮೆಟೊ ಬೆಳೆಯುತ್ತೇನೆ ಎಂದೆಲ್ಲ ಹೇಳಿದಳು.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ, ಊಟ ಮುಗಿಸಿ ನಾನು ಬಂದಾಗ ಅವಳು ಪರದೆಯ ಮುಂದೆ ಕಲ್ಲಿನಂತೆ ಕೂತಿದ್ದಳು. ತಂದಿದ್ದ ಕಡಲೆ-ಪಾಸ್ತಾ ಡಬ್ಬಿಯಲ್ಲಿ ಹಾಗೇ ಇತ್ತು.

"ಏನಾಯ್ತೇ?"

"ಬಾ ಇಲ್ಲಿ. ಇದನ್ನು ನೋಡು."

ಪರದೆಯ ಮೇಲೆ ಒಂದು ಗೆರೆ. ಎಡದಿಂದ ಬಲಕ್ಕೆ, ಹಲಗೆಯ ಅಂಚಿನಷ್ಟು ನೇರ.

"ಚೆನ್ನಾಗಿದೆಯಲ್ಲ," ಎಂದೆ. ಸತ್ಯವಾಗಿಯೂ ಹಾಗೇ ಅಂದೆ. ನಮ್ಮಲ್ಲಿ ಗೆರೆ ನೇರವಾಗಿ ನಿಂತರೆ ಸಿಹಿ ಹಂಚುತ್ತಾರೆ.

"ಸುತ್ತಿನ ಸಂಖ್ಯೆ ಕಣೋ ಇದು. ಮೂರು ವರ್ಷದ್ದು."

ಗೆರೆ ನಿಂತಿದ್ದು ಮೈನಸ್ ಎರಡರ ಮೇಲೆ. ಮೂರು ವರ್ಷ, ಒಂದೇ ಒಂದು ಸಲವೂ ಆಚೀಚೆ ಆಗಿರಲಿಲ್ಲ. ಒಂದೊಂದು ಸುತ್ತಿನ ಸಂಖ್ಯೆಯೂ ಒಂದೊಂದು ಕಣಿವೆ ಎಂದುಕೊಳ್ಳಿ. ನೊನ್ನಾ ದಾರಗಳನ್ನು ಅಲ್ಲಾಡಿಸುತ್ತಿದ್ದಳು, ಚಿತ್ರಗಳು ಬದಲಾಗುತ್ತಿದ್ದವು, ಆದರೆ ಎಲ್ಲ ಚಿತ್ರಗಳೂ ಒಂದೇ ಕಣಿವೆಯವು. ಪಕ್ಕದ ಕಣಿವೆಗೆ ದಾಟಲು ನಡುವೆ ಗುಡ್ಡ; ಬಲೆಯ ಕಣ್ಣು ಸಣ್ಣದಾದಷ್ಟೂ ಗುಡ್ಡ ಎತ್ತರ. ದೊಡ್ಡ ಕಣ್ಣಿನ ಬಲೆಯಲ್ಲಿ ಹಿಂದೆ ಪರೀಕ್ಷಿಸಿದ್ದಾಗ ಸುತ್ತಿನ ಸಂಖ್ಯೆ ಕುಣಿದಾಡುತ್ತಿತ್ತು. ಸುತ್ತು ಎಣಿಸಬೇಕಾದರೆ ಪ್ರತಿ ಚಿತ್ರವನ್ನೂ ಮತ್ತೆ ತಿಕ್ಕಿ ನಯಮಾಡಬೇಕು, ಯಂತ್ರದ ಸಮಯ ತಿನ್ನುತ್ತದೆ. ಹಾಗಾಗಿ ಹೊಸ ಬಲೆಯಲ್ಲೂ ಕುಣಿಯುತ್ತಿರುತ್ತದೆ ಎಂದು ಎಲ್ಲರೂ ನಂಬಿದ್ದೆವು, ಪ್ರೊಫೆಸರರೂ ಸೇರಿ. ತಪ್ಪಿನ ಗೆರೆ ಗಿಡ್ಡವಾಗಿದ್ದಕ್ಕೆ ವೈನು ಕುಡಿದೆವಲ್ಲ, ಅದು ಗಿಡ್ಡವಾಗಿದ್ದೇ ಇದರಿಂದ. ಟ್ರಾಮಿನಲ್ಲಿ ಒಬ್ಬನ ಎತ್ತರವನ್ನೇ ಸಾವಿರ ಸಲ ಅಳೆದು, ರೋಮಿನವರ ಸರಾಸರಿ ಎತ್ತರ ಕೂದಲೆಳೆಯಷ್ಟು ಖಚಿತವಾಗಿ ಗೊತ್ತಾಯಿತು ಎಂದು ಕುಣಿದ ಹಾಗೆ. ಥೂ! ಕುಣಿದದ್ದು ನಾವೇ.

"ಆದ್ರೆ ಸಂಖ್ಯೆ ಸರಿಯಾಗೇ ಬಂದಿದೆಯಲ್ಲ ಮಾರಾಯ್ತಿ," ಎಂದೆ.

"ಕೆಟ್ಟು ನಿಂತ ಗಡಿಯಾರವೂ ದಿನಕ್ಕೆರಡು ಸಲ ಸರಿಯಾಗಿರುತ್ತೆ," ಎಂದು ಎದ್ದು ಪ್ರೊಫೆಸರರ ಕೋಣೆಗೆ ನಡೆದಳು. ನಾನೂ ಹಿಂದೆ ಹೋದೆ, ಅವಳು ಕರೆದಿರಲಿಲ್ಲ.

ಮಾಂಚಿನೆಲ್ಲಿ ಕೆಟ್ಟ ಮನುಷ್ಯನಲ್ಲ. ಗೆರೆಯನ್ನು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಮೂಗು ಒತ್ತಿಕೊಂಡರು.

"ಕೇಳು. ನೊನ್ನಾಳನ್ನು ಜುಲೈ ಕೊನೆಗೆ ಆರಿಸಲೇಬೇಕು. ಆ ಜಾಗಕ್ಕೆ ಹೊಸ ಯಂತ್ರ ಬರುತ್ತೆ, ಅದರ ಸಮಯವನ್ನೆಲ್ಲ ಬೇರೆ ಬೇರೆಯವರು ಹಂಚಿಕೊಂಡಾಗಿದೆ. ಅದು ನನ್ನ ಕೈಲಿಲ್ಲ. ಅಷ್ಟರೊಳಗೆ ನಿನ್ನ ಲೆಕ್ಕ ಒಂದು ಸಲ ದಾಟಿದ್ರೆ ಸಾಕು. ಒಂದೇ ಒಂದು ಸಲ. ನಿಧಾನಕ್ಕೆ ನಡೆಯುತ್ತೆ ಅಂತ ಬರೆಯೋಣ. ತಪ್ಪಿನ ಗೆರೆ ಉದ್ದ ಮಾಡೋಣ. ಸಮಿತಿಯ ಮುಂದೆ ನಾನೇ ವಾದಿಸ್ತೀನಿ."

"ದಾಟದೇ ಇದ್ರೆ?"

"ದಾಟದೇ ಇದ್ರೆ ನಡೆಯೋದೇ ಇಲ್ಲ ಅಂತ ಅರ್ಥ. ಅದನ್ನ ಏನಂತ ಬರೀಲಿ ಮಗಳೇ?"

ಬಚ್ಚಿಡು ಎಂದು ಅವರು ಹೇಳಲಿಲ್ಲ, ನಿಜಕ್ಕೂ ಹೇಳಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ನಾನಾಗಿದ್ದರೆ ಕೇಳುತ್ತಿದ್ದೆನೇನೋ.

ಆಮೇಲೆ ಶುರುವಾಯಿತು ನೋಡಿ ಕಾಯುವುದು. ಪ್ರತಿ ಚಿತ್ರ ಮುಗಿದ ಕೂಡಲೇ ಅದನ್ನು ತಿಕ್ಕಿ ಸುತ್ತು ಎಣಿಸಿ ಪರದೆಯ ಮೂಲೆಯಲ್ಲಿ ತೋರಿಸುವಂತೆ ಅವಳು ಏರ್ಪಾಟು ಮಾಡಿದಳು. ನೆಲಮಾಳಿಗೆಗೆ ಬಂದವರೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ಇಣುಕಿದಂತೆ ಇಣುಕುತ್ತಿದ್ದರು.

"ಹೇಗಿದ್ದಾರೆ?"

"ಹಾಗೇ ಇದ್ದಾರೆ. ಮೈನಸ್ ಎರಡು."

ಯೋಲೆಗೂ ಸುದ್ದಿ ಮುಟ್ಟಿತು. ಏನು ಎತ್ತ ಅರ್ಥವಾಗದಿದ್ದರೂ ಕೌಂಟರಿನ ಆಚೆಯಿಂದಲೇ ಕೂಗುತ್ತಿದ್ದಳು, "ಡಾಕ್ಟ್ರಮ್ಮಾ, ಕದಲಿತಾ?" ಫುಲ್ವಿಯಾ ತಲೆಯಾಡಿಸುತ್ತಿದ್ದಳು. "ನಮ್ಮತ್ತೆ ಥರ ಇದ್ದಾಳೆ ನಿಮ್ಮ ಯಂತ್ರ. ಒಂದ್ಸಲ ಕೂತರೆ ಮುಗೀತು." ಮೊದಮೊದಲು ಫುಲ್ವಿಯಾ ನಗುತ್ತಿದ್ದಳು. ಜುಲೈ ಹೊತ್ತಿಗೆ ಯೋಲೆಯೇ ಕೇಳುವುದನ್ನು ಬಿಟ್ಟಳು. ಕಾಫಿಯ ಜೊತೆ ಕೇಳದೇ ಒಂದು ಕೊರ್ನೆತ್ತೊ ಬನ್ನು ಇಡುತ್ತಿದ್ದಳು.

ರೋಮಿನ ಜುಲೈ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಪುಣ್ಯವಂತರು. ನೆಲಮಾಳಿಗೆಯ ತಂಪುಯಂತ್ರ ಏದುಸಿರು ಬಿಡುತ್ತಿತ್ತು. ಫುಲ್ವಿಯಾ ಕಾಲನ್ನು ನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಪರದೆ ನೋಡುತ್ತಾ ಕೂರುತ್ತಿದ್ದಳು. ಹುಡುಗಿಯಾಗಿದ್ದಾಗ ಕೇಳಿದ ಒಂದು ಉಪನ್ಯಾಸದಿಂದ ಈ ಹುಚ್ಚು ಹತ್ತಿದ್ದು ಎಂದು ಒಂದು ದಿನ ಹೇಳಿದಳು. "ಏನೂ ಇಲ್ಲದ ಖಾಲಿಯಲ್ಲಿ ಸುತ್ತು ಬೀಳುತ್ತೆ, ಆ ಸುತ್ತಿಗೆ ತೂಕ ಇದೆ ಅಂದ್ರು ಇವಾನೊ. ನಮ್ಮಪ್ಪ ಅದನ್ನು ಕೇಳಿ, ಖಾಲಿ ಟ್ರಾಮಿಗೂ ಟಿಕೆಟ್ ಕೊಡ್ತೀಯಾ ಅಂತ ನಕ್ಕ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರ್ಲಿಲ್ಲ." ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ.

"ಕದಲತ್ತೆ ಕಣೇ," ಎಂದೆ. ನನಗೆ ಆ ನಂಬಿಕೆ ಒಂದಿಷ್ಟೂ ಇರಲಿಲ್ಲ.

ನೊನ್ನಾಳನ್ನು ಆರಿಸುವ ದಿನಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ, ನಾನು ಹೊರಗೆ ಸಿಗರೇಟು ಸೇದುತ್ತಿದ್ದೆ. ಒಳಗಿನಿಂದ ಕಿರುಚಿದ ಸದ್ದು. ಫುಲ್ವಿಯಾ ಕಿರುಚುವುದೇ! ಓಡಿ ಹೋದೆ. ಬಕೆಟ್ಟು ಉರುಳಿ ನೆಲವೆಲ್ಲ ನೀರಾಗಿತ್ತು. ಅವಳು ಬರಿಗಾಲಲ್ಲಿ ನಿಂತು ಪರದೆಯ ಕಡೆ ಕೈ ತೋರಿಸುತ್ತಿದ್ದಳು.

ಮೈನಸ್ ಒಂದು.

ದೇವರಾಣೆ, ನಾನು ಅವಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟೆ. ನನ್ನ ಸೊಂಟ ಆಮೇಲೆ ವಾರವೆಲ್ಲ ನೋಯಿತು. "ದಾಟ್ತು ಕಣೇ! ಮುದುಕಿ ದಾಟಿದ್ಳು! ಪ್ರೊಫೆಸರ್‌ಗೆ ಫೋನ್ ಮಾಡು!"

ಅವಳು ಅಳುತ್ತಿದ್ದಳು, ನಗುತ್ತಿದ್ದಳು. ಫೋನಿಗೆ ಕೈಹಾಕಿದವಳು ಕೈ ಹಿಂದೆ ತೆಗೆದಳು.

"ಮೊದಲು ಇನ್ನೊಂದ್ಸಲ ಓಡಿಸ್ತೀನಿ."

ನಮ್ಮಲ್ಲಿ ಹಾಗೊಂದು ಪದ್ಧತಿ. ಅನಿರೀಕ್ಷಿತವಾಗಿ ಏನಾದರೂ ಬಂದರೆ, ಹಿಂದಿನ ಚಿತ್ರಕ್ಕೆ ಮರಳಿ, ಅದೇ ಕುರುಡು ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ಮತ್ತೆ ಕೊಡಬೇಕು. ಯಂತ್ರ ಆರೋಗ್ಯವಾಗಿದ್ದರೆ ಕೊನೆಯ ಅಂಕಿಯವರೆಗೂ ಅದೇ ಉತ್ತರ ಬರಬೇಕು. ಎಳೆಯರಿಗೆ ಮೊದಲ ವಾರದಲ್ಲೇ ಕಲಿಸುವ ಪಾಠ. ನನಗೆ ಗೊತ್ತಿಲ್ಲವೇ? ಆದರೂ ಅವಳಿಗೂ ಕೀಲಿಮಣೆಗೂ ನಡುವೆ ಅಡ್ಡ ನಿಂತೆ.

"ಬೇಡ ಕಣೇ. ಉಳಿದಿರೋದೇ ಎರಡು ದಿನ. ದೇವರು ಕೊಟ್ಟದ್ದನ್ನ ತಿರುಗಿಸಿ ನೋಡ್ಬಾರ್ದು."

"ದೇವರು ಕೊಟ್ಟಿದ್ರೆ ಇನ್ನೊಂದ್ಸಲಾನೂ ಕೊಡ್ತಾನೆ," ಎಂದು ಕೂತಳು.

ಮರು ಓಟಕ್ಕೆ ಸಂಜೆಯವರೆಗೆ ಹಿಡಿಯಿತು. ಅಷ್ಟು ಹೊತ್ತೂ ನಾನು ನೆಲ ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ಪ್ರೊಫೆಸರ್ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ಪರದೆಯ ಮೂಲೆಯಲ್ಲಿ ಸಂಖ್ಯೆ ಬಂತು.

ಮೈನಸ್ ಎರಡು.

ಅವಳು ಮೂರನೆಯ ಸಲವೂ ಓಡಿಸಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ಮೈನಸ್ ಎರಡೇ. ಅಷ್ಟರಲ್ಲಿ ನಾನು ಬೀರುಗಳ ಬಾಗಿಲು ತೆಗೆದು ಒಂದೊಂದೇ ಸರ್ಕ್ಯೂಟ್ ಹಲಗೆ ಮುಟ್ಟಿ ನೋಡುತ್ತಾ ಹೋಗಿದ್ದೆ. ಮೂರನೆಯ ಬೀರಿನಲ್ಲಿ ಒಂದು ಮೆಮೊರಿ ಚಿಪ್ ಬೆರಳು ಸುಡುವಷ್ಟು ಕಾದಿತ್ತು. ಸೆಕೆಗೆ ಅದರೊಳಗೆ ಒಂದು ಅಂಕಿ ಮಗುಚಿದೆ, ಅದರಿಂದ ದಾರವೊಂದು ಹರಿದು ಸುತ್ತು ಬಿಚ್ಚಿದೆ. ಗುಡ್ಡ ಹತ್ತಿ ದಾಟಿದ್ದಲ್ಲ. ಯಂತ್ರ ಎಡವಿ ಬಿದ್ದದ್ದು. ನನ್ನ ಕೈಯಾರೆ ಬೆಸುಗೆ ಹಾಕಿದ ಹಲಗೆ ಅದು. ಕಿತ್ತು ಗೋಡೆಗೆ ಬಡಿಯೋಣ ಎನ್ನಿಸಿತು.

"ಕೇಳಿಲ್ಲಿ," ಎಂದೆ ಮೆಲ್ಲಗೆ, ಪ್ರೊಫೆಸರ್ ಹೊರಗೆ ಹೋದಾಗ. "ಮೈನಸ್ ಒಂದರ ಚಿತ್ರ ಇನ್ನೂ ಡಿಸ್ಕಿನಲ್ಲಿದೆ. ಹೇಗೋ ಬಂದಿದೆ, ಬಂದಿದೆ. ಅದನ್ನೇ ಹಿಡ್ಕೊಂಡು ಮುಂದೆ ಓಡಿಸು."

ಅವಳಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಓಡಿಸಿದ್ರೆ ಏನಾಗುತ್ತೆ ಹೇಳು? ಇಷ್ಟು ದಿನ ಮೈನಸ್ ಎರಡರಲ್ಲಿ ನಿಂತಿತ್ತು. ಇನ್ನು ಮೈನಸ್ ಒಂದರಲ್ಲಿ ನಿಲ್ಲುತ್ತೆ."

ಅಷ್ಟು ಸಣ್ಣ ಕಣ್ಣಿನ ಬಲೆಯಲ್ಲಿ ಗುಡ್ಡ ದಾಟಿಸುವ ದಾರಿ ಈ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆಗ.

ಕೊನೆಯ ದಿನ ಸಂಜೆ ಪ್ರೊಫೆಸರ್ ಸ್ವಿಚ್ಚಿನ ಹತ್ತಿರ ನಿಂತು, "ಫುಲ್ವಿಯಾ, ನೀನೇ ಆರಿಸ್ತೀಯಾ?" ಎಂದರು, ಗೌರವಕ್ಕೆ. ಅವಳು, "ಈಗ ಓಡ್ತಿರೋ ಚಿತ್ರ ಮುಗೀಲಿ," ಎಂದಳು. ಕಾದೆವು. ಮುಗಿಯಿತು. ಮೂವರೂ ಬಗ್ಗಿ ಪರದೆ ನೋಡಿದೆವು. ಅದೇ ಮೈನಸ್ ಎರಡು, ನೋಡಬೇಕಾಗಿಯೇ ಇರಲಿಲ್ಲ. ಅವಳು ಚೀಲ ಹೆಗಲಿಗೇರಿಸಿ, "ಸರಿ, ಆರಿಸಿ," ಎಂದು ಟ್ರಾಮು ಹಿಡಿಯಲು ಹೋದಳು. ಬೀಸಣಿಗೆಗಳು ಒಂದೊಂದಾಗಿ ನಿಂತವು. ಆ ಮೌನದಲ್ಲಿ ನನ್ನ ಕಿವಿ ಗುಂಯ್‌ಗುಟ್ಟುತ್ತಿತ್ತು.

ವಸಂತದಲ್ಲಿ ಆ ತೂಕದ ಬಗ್ಗೆ ಬರೆದು ಕಳಿಸಿದ್ದ ಪ್ರಬಂಧವನ್ನು ಹಿಂತೆಗೆದುಕೊಂಡರು. ಸೆಪ್ಟೆಂಬರಿನಲ್ಲಿ ಅವಳು ಸಮಿತಿಯ ಮುಂದೆ ಹೋಗಿ, ಮೂರು ವರ್ಷದ ಲೆಕ್ಕ ಯಾಕೆ ಕದಲಲಿಲ್ಲ ಎಂಬುದನ್ನು ಚೆನ್ನಾಗಿ ವಿವರಿಸಿದಳಂತೆ. ಸಮಿತಿಯವರು ಬಹಳ ಮೆಚ್ಚಿದರಂತೆ. ಹುದ್ದೆ ಪಾದುವಾದಿಂದ ಬಂದ ಬೇರೊಬ್ಬನಿಗೆ ಹೋಯಿತು. ಅವನೂ ಬುದ್ಧಿವಂತನೇ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ನೆಪ ಸಿಗಲಿಲ್ಲ. ಫುಲ್ವಿಯಾಗೆ ವಯಸ್ಸಿನ ಮಿತಿ ಮೀರಿತು. ಒಸ್ತಿಯಾದ ಒಂದು ಶಾಲೆಯಲ್ಲಿ ಗಣಿತ ಕಲಿಸಲು ಸೇರಿದಳು. ಸಮುದ್ರ ಹತ್ತಿರವಿದೆ, ಗಾಳಿ ಚೆನ್ನಾಗಿದೆ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಆಮೇಲೆ ಫೋನೂ ಕಡಿಮೆಯಾಯಿತು.

ಹತ್ತು ವರ್ಷವೇ ಕಳೆದಿರಬೇಕು. ನೊನ್ನಾಳಂಥವರನ್ನು ಸಾವಿರಗಟ್ಟಲೆ ಒಳಗಿಟ್ಟುಕೊಂಡಂಥ ಯಂತ್ರಗಳು ಬಂದವು. ದೂರದೇಶದ ಒಂದು ಗುಂಪು ಈಟಾ ಪ್ರೈಮ್‌ನ ತೂಕವನ್ನು ಲೆಕ್ಕದಿಂದ ತೆಗೆಯಿತು, ಸುತ್ತುಗಳು ಧಾರಾಳವಾಗಿ ಕುಣಿದಾಡುವ ಬಲೆಗಳಲ್ಲಿ. ಸುದ್ದಿ ಓದಿದ ದಿನ ನನಗೆ ತಡೆಯಲಾಗಲಿಲ್ಲ, ರೈಲು ಹತ್ತಿ ಒಸ್ತಿಯಾಗೆ ಹೋದೆ. ಶಾಲೆಯ ಅಂಗಳದಲ್ಲಿ ಸಿಕ್ಕಳು. ಕೂದಲು ಪೂರಾ ಬೆಳ್ಳಗಾಗಿತ್ತು, ಕೈಯಲ್ಲಿ ಸೀಮೆಸುಣ್ಣ.

ಕಾಗದ ಕೊಟ್ಟೆ. ಸಂಖ್ಯೆ ನೋಡಿದಳು, ಅದರ ಪಕ್ಕದ ತಪ್ಪಿನ ಅಂದಾಜು ನೋಡಿದಳು. ಅದು ನಮ್ಮದಕ್ಕಿಂತ ತುಂಬ ದೊಡ್ಡದಿತ್ತು.

"ನೋಡಿದ್ಯಾ?" ಎಂದೆ. "ಅದೇ ಸಂಖ್ಯೆ! ನಮಗೂ ಇದೇ ಬಂದಿತ್ತು, ಇವರಿಗಿಂತ ಹತ್ತು ವರ್ಷ ಮುಂಚೆ!"

"ನಮಗೆ ಬಂದಿರ್ಲಿಲ್ಲ ಇವಾನೊ," ಎಂದಳು ಫುಲ್ವಿಯಾ, ಕಾಗದವನ್ನು ನೀಟಾಗಿ ಮಡಿಚಿ ನನ್ನ ಜೇಬಿಗೇ ಇಡುತ್ತಾ. "ನಾವು ಎಲ್ಲಿಗೂ ಹೋಗಿರ್ಲಿಲ್ಲ."